ಒಲಿಂಪಿಯಾದಲ್ಲಿ ಹೆಸ್ಟಿಯಾಳ ಅಗ್ನಿಕುಂಡದವರೆಗೆ: ಒಂದು ಮಾರ್ಗದರ್ಶನ ಸೇವೆಯ ವಿಮರ್ಶೆ

ಗ್ರೀಸಿನ ಒಲಿಂಪಿಯಾದಲ್ಲಿ ನಾವು ಪಡೆದ ಮಾರ್ಗದರ್ಶನದ ದೊಡ್ಡ ಗುಣವೆಂದರೆ, ಅದು ಜ್ಯೂಸ್ ಮತ್ತು ಹೀರಾ ದೇಗುಲಗಳಲ್ಲೇ ಮುಗಿಯದೆ, ಪವಿತ್ರ ಆವರಣದ ವಾಯವ್ಯ ಮೂಲೆಯಲ್ಲಿರುವ ಪ್ರಿಟನೇಯಾನ್ ಎಂಬ ಸಾರ್ವಜನಿಕ ಕಟ್ಟಡದ ಅಡಿಪಾಯದವರೆಗೂ ಕರೆದೊಯ್ದದ್ದು. ಅಲ್ಲಿ ಕಾಣುವುದು ತಗ್ಗಾದ ಕಲ್ಲಿನ ಸಾಲುಗಳಷ್ಟೇ. ಆದ್ದರಿಂದ ವಿವರಣೆ ಚೆನ್ನಾಗಿರಲೇಬೇಕು, ಚೆನ್ನಾಗಿಯೂ ಇತ್ತು. ಕ್ರಿ.ಶ. 2ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಗ್ರೀಕ್ ಪ್ರವಾಸ ಲೇಖಕ ಪೌಸಾನಿಯಸ್, ಒಲೆಯ ದೇವತೆಯಾದ ಹೆಸ್ಟಿಯಾಳ ಅಗ್ನಿ ಈ ಕಟ್ಟಡದಲ್ಲಿ ಹಗಲಿರುಳು ಉರಿಯುತ್ತಿತ್ತೆಂದೂ, ಅದರ ಬೂದಿಯನ್ನು ಒಯ್ದು ಜ್ಯೂಸನ ಮಹಾವೇದಿಕೆಗೆ ಸೇರಿಸುತ್ತಿದ್ದರೆಂದೂ, ಎದುರಿನ ಕೋಣೆಯಲ್ಲಿ ಕ್ರೀಡೆಗಳ ವಿಜೇತರಿಗೆ ಔತಣ ನಡೆಯುತ್ತಿತ್ತೆಂದೂ ಬರೆದಿರುವುದನ್ನು ಮಾರ್ಗದರ್ಶಕಿ ಆ ಜಾಗದಲ್ಲೇ ನಿಂತು ಹಂತಹಂತವಾಗಿ ತೋರಿಸಿದರು. ಹೊಸ ವಸಾಹತು ಕಟ್ಟಲು ಹೊರಟವರು ತಾಯ್ನಗರದ ಇಂಥ ಕುಂಡದಿಂದಲೇ ಬೆಂಕಿಯನ್ನು ಕೊಂಡೊಯ್ಯುತ್ತಿದ್ದರು ಎಂಬ ಮಾತನ್ನೂ ಅವರು ಸೇರಿಸಿದ್ದು ನನಗೆ ಬಹಳ ಹಿಡಿಸಿತು.

ಕೊರತೆ ಕಂಡದ್ದು ಗೃಹಜೀವನದ ಭಾಗದಲ್ಲಿ. ಪೋಸೈಡಾನ್ ಮತ್ತು ಅಪೊಲೊ ಇಬ್ಬರನ್ನೂ ವರಿಸಲೊಪ್ಪದೆ ಕನ್ಯೆಯಾಗಿಯೇ ಉಳಿದ ಈ ದೇವಿಯ ಕಥೆಗೆ ಸಾಕಷ್ಟು ಸಮಯ ಸಿಕ್ಕಿತು. ಆದರೆ ಔತಣಗಳಲ್ಲಿ ಅವಳಿಗೆ ಮೊದಲ ಹಾಗೂ ಕೊನೆಯ ನೈವೇದ್ಯ ಸಲ್ಲುತ್ತಿದ್ದುದು, ನವಜಾತ ಶಿಶುವನ್ನು ಒಲೆಯ ಸುತ್ತ ಎತ್ತಿಕೊಂಡು ಓಡುತ್ತಿದ್ದ ಆಂಫಿಡ್ರೋಮಿಯಾ ಆಚರಣೆ, ಇವೆರಡೂ ಒಂದೊಂದೇ ವಾಕ್ಯದಲ್ಲಿ ಮುಗಿದವು. ಅವಳ ನಿಜವಾದ ನೆಲೆ ಮನೆಯೇ ಆಗಿದ್ದುದರಿಂದ ಇದು ಸಣ್ಣ ಲೋಪವಲ್ಲ. ಶುಲ್ಕ ಸಮಂಜಸವಾಗಿದೆ, ಗುಂಪು ಚಿಕ್ಕದು, ಪ್ರಶ್ನೆಗಳಿಗೆ ತಾಳ್ಮೆಯ ಉತ್ತರ ದೊರೆಯುತ್ತದೆ. ಬೇಸಿಗೆಯಲ್ಲಿ ಹೋಗುವವರು ಬೆಳಗಿನ ಸರದಿಯನ್ನೇ ಆರಿಸಿಕೊಳ್ಳುವುದು ಒಳಿತು.