ಮೊಟ್ಟೆ ನಿಂತ ಹೇಂಟೆಗೂ ಮುಪ್ಪಿನ ಬೆಕ್ಕಿಗೂ ಮದ್ದು ಸಿಗುವ ಅಂಗಡಿ

ಮಲೆನಾಡಿನ ಯಾವ ಪೇಟೆಗೆ ಹೋದರೂ ಪಶು ಔಷಧದ ಅಂಗಡಿಯೆಂದರೆ ಅದು ಹಾಲು ಕರೆಯುವ ಹಸುವಿಗಾಗಿ ಇರುವ ಅಂಗಡಿ. ಕೆಚ್ಚಲು ಬಾವಿನ ಮುಲಾಮು, ಖನಿಜ ಮಿಶ್ರಣದ ಪೊಟ್ಟಣ, ಜಂತುಹುಳುವಿನ ಔಷಧ, ಹಿಂಡಿಯ ಮೂಟೆಗಳಲ್ಲೇ ಅದರ ಕಪಾಟೂ ನೆಲವೂ ತುಂಬಿರುತ್ತವೆ. ಡೇರಿಗೆ ಹಾಲು ಹಾಕುವ ಮನೆಯ ಸಂಸಾರ ಆ ಹಸುವಿನ ಮೇಲೆಯೇ ನಿಂತಿರುವುದರಿಂದ ಹಾಗಿರುವುದು ಸಹಜವೇ. ಆದರೆ ಎರಡು ಮೂರು ಎಕರೆ ಅಡಿಕೆ ತೋಟ, ಹಿತ್ತಲಲ್ಲಿ ಹತ್ತಾರು ಕೋಳಿ, ಇಲಿ ಹಿಡಿಯಲೆಂದು ಸಾಕಿ ಕ್ರಮೇಣ ಮನೆಯವರೇ ಆಗಿಬಿಟ್ಟ ಬೆಕ್ಕುಗಳಿರುವ ನಮ್ಮಂಥವರ ಮನೆಗಳಲ್ಲಿ ಈ ಪ್ರಾಣಿಗಳಿಗೂ ವಯಸ್ಸಾಗುತ್ತದೆ. ಹೇಂಟೆ ಮೊಟ್ಟೆ ನಿಲ್ಲಿಸಿದ ಮೇಲೂ ವರ್ಷಗಟ್ಟಲೆ ಬದುಕುತ್ತದೆ. ಬೆಕ್ಕು ಅಟ್ಟ ಹತ್ತುವುದನ್ನು ಬಿಟ್ಟು ಬಚ್ಚಲ ಒಲೆಯ ಪಕ್ಕಕ್ಕೆ ಜಾಗ ಬದಲಾಯಿಸುತ್ತದೆ. ಅವುಗಳಿಗೆ ಬೇಕಾದುದನ್ನು ಕೇಳಿಕೊಂಡು ಅಂಗಡಿಗೆ ಹೋದರೆ, "ಮುದಿ ಕೋಳಿಗೆ ಎಂಥ ಔಷಧ, ಸಾರು ಮಾಡಿ" ಎಂಬ ಉತ್ತರವೇ ಹೆಚ್ಚಾಗಿ ಸಿಗುತ್ತದೆ.

ತೀರ್ಥಹಳ್ಳಿ ಪೇಟೆಯಲ್ಲಿ ನಾನು ಕೆಲವು ವರ್ಷಗಳಿಂದ ಹೋಗುತ್ತಿರುವ ಒಂದು ಪಶು ಔಷಧ ಮತ್ತು ಆಹಾರದ ಅಂಗಡಿಯಲ್ಲಿ ಈ ಮಾತು ನನಗೆ ಒಮ್ಮೆಯೂ ಕೇಳಿಸಿಲ್ಲ. ಪ್ರಚಾರ ಬೇಡವೆಂದು ಮಾಲೀಕರು ಕೇಳಿಕೊಂಡಿರುವುದರಿಂದ ಹೆಸರನ್ನು ಬರೆಯುತ್ತಿಲ್ಲ. ಬೆಕ್ಕಿಗೆ ಹಾಕುವ ಸಣ್ಣ ಸೂಜಿ ಎಲ್ಲಿ ಸಿಗುತ್ತದೆಂದು ಪೇಟೆಯಲ್ಲಿ ಕೇಳಿದರೆ ಅಂಗಡಿಯನ್ನು ತೋರಿಸುತ್ತಾರೆ.

ಮೊದಲು ಕೋಳಿ ಆಹಾರದ ವಿಷಯವನ್ನೇ ಹೇಳಬೇಕು, ಏಕೆಂದರೆ ಈ ಅಂಗಡಿಯವರ ತಿಳಿವಳಿಕೆ ಎದ್ದು ಕಾಣುವುದು ಅಲ್ಲಿಯೇ. ಹಿತ್ತಲಲ್ಲಿ ಕೋಳಿ ಸಾಕುವವರಲ್ಲಿ ಬಹುತೇಕರು ಎಲ್ಲ ಕೋಳಿಗಳಿಗೂ ಒಂದೇ ಲೇಯರ್ ಫೀಡ್, ಅಂದರೆ ಮೊಟ್ಟೆಕೋಳಿಯ ಆಹಾರ ಹಾಕುತ್ತಾರೆ. ಒಂದು ಮೊಟ್ಟೆಯ ಚಿಪ್ಪು ಕಟ್ಟಲು ಹೇಂಟೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕಾಗುವುದರಿಂದ ಆ ಆಹಾರದಲ್ಲಿ ಶೇ 3.5ರಿಂದ 4ರಷ್ಟು ಕ್ಯಾಲ್ಸಿಯಂ ಸೇರಿಸಿರುತ್ತಾರೆ. ಮೊಟ್ಟೆ ಇಡುವುದನ್ನು ನಿಲ್ಲಿಸಿದ ಹೇಂಟೆಗೂ ಹುಂಜಕ್ಕೂ ಅಷ್ಟು ಕ್ಯಾಲ್ಸಿಯಂ ಬೇಕಿಲ್ಲ. ತಿಂಗಳುಗಟ್ಟಲೆ ಅದನ್ನೇ ತಿಂದರೆ ಹೆಚ್ಚಾದದ್ದನ್ನು ಹೊರಹಾಕುವ ಭಾರವೆಲ್ಲ ಮೂತ್ರಪಿಂಡದ ಮೇಲೆ ಬಿದ್ದು, ಅದು ಕೆಡುತ್ತದೆ, ಯೂರಿಕ್ ಆಮ್ಲ ಮೈಯೊಳಗೆ ಕಟ್ಟಿಕೊಳ್ಳುವ ಗೌಟ್ ಬರುತ್ತದೆ. ಕೋಳಿ ಫಾರಂಗಳಲ್ಲಿ 72ರಿಂದ 80 ವಾರಕ್ಕೆಲ್ಲ ಮೊಟ್ಟೆಕೋಳಿಗಳನ್ನು ಮಾರಿಬಿಡುವುದರಿಂದ ವಯಸ್ಸಾದ ಕೋಳಿಯ ಆಹಾರವೆಂಬ ಮೂಟೆ ನಮ್ಮ ಪೇಟೆಗಳಿಗೆ ಬರುವುದೇ ಇಲ್ಲ. ಈ ಅಂಗಡಿಯಲ್ಲಿ ಕೋಳಿ ಆಹಾರ ಕೇಳಿದ ಕೂಡಲೇ ಎಷ್ಟು ಕೋಳಿ, ಎಷ್ಟು ಮೊಟ್ಟೆ ಇಡುತ್ತಿವೆ, ಹುಂಜ ಎಷ್ಟು ಎಂದು ಕೇಳುತ್ತಾರೆ. ಮುದಿ ಕೋಳಿಯೇ ಹೆಚ್ಚೆಂದು ತಿಳಿದರೆ ಕ್ಯಾಲ್ಸಿಯಂ ಶೇ 1ರ ಆಸುಪಾಸಿನಲ್ಲಿರುವ ಗ್ರೋವರ್ ಫೀಡ್ (ಬೆಳೆಯುವ ಕೋಳಿಯ ಆಹಾರ) ಕೊಟ್ಟು, ಕ್ಯಾಲ್ಸಿಯಂಗೆಂದು ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿ ಇಡುವಂತೆ ಹೇಳುತ್ತಾರೆ. ಮೊಟ್ಟೆ ಇಡುವ ಹೇಂಟೆ ತನಗೆ ಬೇಕಾದಷ್ಟನ್ನು ಆ ಬಟ್ಟಲಿನಿಂದ ತಾನೇ ಹೆಕ್ಕಿಕೊಳ್ಳುತ್ತದೆ, ಉಳಿದವು ಅದನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಈ ಮಾತಿನಿಂದ ಅವರಿಗೆ ಹೆಚ್ಚಿನ ಲಾಭವೇನೂ ಇಲ್ಲ, ಆದರೂ ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಬೇಸರವಿಲ್ಲದೆ ಇದನ್ನು ವಿವರಿಸುವುದನ್ನು ನಾನು ಕಂಡಿದ್ದೇನೆ.

ಇನ್ನೊಂದು, ಮಳೆಗಾಲದ ದಾಸ್ತಾನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಈ ಸೀಮೆಯಲ್ಲಿ ಗೋವಿನಜೋಳದ ನುಚ್ಚಿಗೂ ಶೇಂಗಾ ಹಿಂಡಿಗೂ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ಆ ಬೂಷ್ಟಿನಲ್ಲಿ ಕೆಲವು ಜಾತಿಯವು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಟ್ಟ ಶೇಂಗಾ ಹಿಂಡಿ ತಿಂದು ಸತ್ತ ನಂತರವೇ ಈ ವಿಷ ಯಾವುದೆಂದು ವಿಜ್ಞಾನಿಗಳು ಪತ್ತೆ ಮಾಡಿದ್ದು. ಬಿಸಿಲಿಗೆ ಹಾಕಿದರೂ ನೀರಿನಲ್ಲಿ ಬೇಯಿಸಿದರೂ ಇದು ಪೂರ್ತಿ ಹೋಗುವುದಿಲ್ಲ. ಯಕೃತ್ತನ್ನು ಮೆಲ್ಲಗೆ ಹಾಳು ಮಾಡುತ್ತದೆ, ಮೊದಲೇ ಸೊರಗಿರುವ ಮುದಿ ಕೋಳಿ ಇದಕ್ಕೆ ಬೇಗ ಬಲಿಯಾಗುತ್ತದೆ. ಪೇಟೆಯ ಎಷ್ಟೋ ಕಡೆ ಮೂಟೆಗಳನ್ನು ಸಿಮೆಂಟು ನೆಲದ ಮೇಲೆಯೇ ಗೋಡೆಗೆ ಒತ್ತಿ ಜೋಡಿಸಿರುವುದನ್ನು ನೋಡಿದ್ದೇನೆ. ಈ ಅಂಗಡಿಯಲ್ಲಿ ಮೂಟೆಗಳೆಲ್ಲ ಮರದ ಹಲಗೆಯ ಅಟ್ಟಣೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿರುತ್ತವೆ. ತಯಾರಾದ ತಿಂಗಳನ್ನು ಮೂಟೆಯ ಹೊರಗೆ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಮಳೆಗಾಲದಲ್ಲಿ ಕಡಿಮೆ ಸರಕು ತರಿಸುತ್ತಾರೆ. 50 ಕಿಲೋ ಮೂಟೆಯನ್ನೇ ಒಯ್ಯಬೇಕೆಂಬ ಒತ್ತಾಯವೂ ಇಲ್ಲ. ಐದು ಕಿಲೋ ಕೇಳಿದರೂ ಮುಖ ಸಿಂಡರಿಸದೆ ತೂಗಿ ಕೊಡುತ್ತಾರೆ, ಸ್ವಲ್ಪ ಕೋಳಿ ಇರುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಒಮ್ಮೆ ಮೂಟೆ ಬಿಚ್ಚಿದಾಗ ಮುಗ್ಗಲು ವಾಸನೆ ಬಂದದ್ದರಿಂದ ಮಾಲೀಕರು ಅದನ್ನು ನನ್ನ ಎದುರಿಗೇ ಪಕ್ಕಕ್ಕೆ ಎಳೆದಿಟ್ಟು, ಮರುವಾರ ಬನ್ನಿ ಎಂದು ಹೇಳಿ ಕಳುಹಿಸಿದರು. ಮಾರಾಟ ತಪ್ಪಿದ ಆ ದಿನದಿಂದಲೇ ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಹುಟ್ಟಿತು.

ಬೆಕ್ಕಿನ ವಿಷಯದಲ್ಲಿ ಈ ಅಂಗಡಿಯ ಬೆಲೆ ತಿಳಿಯುವುದು ಅವರು ಕೊಡುವುದರಿಂದ ಎಷ್ಟೋ, ಕೊಡಲು ಒಪ್ಪದೆ ಇರುವುದರಿಂದಲೂ ಅಷ್ಟೇ. ಉಣುಗು ಹೆಚ್ಚಿರುವ ನಮ್ಮ ಕಡೆ ನಾಯಿಯ ಬೆನ್ನಿಗೆ ಬಿಡುವ ಹನಿ ಔಷಧವನ್ನೋ, ದನದ ಮೈಗೆ ಬಳಿಯುವ ದ್ರಾವಣವನ್ನೋ ಬೆಕ್ಕಿಗೂ ಹಾಕುವ ಅಭ್ಯಾಸವಿದೆ. ಅವುಗಳಲ್ಲಿ ಹಲವುಗಳಲ್ಲಿರುವ ಪರ್ಮೆಥ್ರಿನ್ ವರ್ಗದ ರಾಸಾಯನಿಕವನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಮೈ ನಡುಗಿ, ಸೆಳೆತ ಬಂದು ಬೆಕ್ಕು ಸಾಯಬಹುದು. ಮನುಷ್ಯರ ಪ್ಯಾರಸಿಟಮಾಲ್ ಕೂಡ ಹೀಗೆಯೇ, ಒಂದೇ ಮಾತ್ರೆ ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನು ಕೆಡಿಸಿ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಬೆಕ್ಕಿಗೆಂದು ಹೇಳಿ ಇವುಗಳನ್ನು ಕೇಳಿದವರಿಗೆ, "ಇದು ಬೆಕ್ಕಿಗೆ ಕೊಡೋ ಹಂಗೇ ಇಲ್ಲ ಮಾರಾಯ್ರೇ, ಮೊದ್ಲು ಡಾಕ್ಟ್ರಿಗೆ ತೋರ್ಸಿ" ಎಂದು ಖಂಡಿತವಾಗಿ ಹೇಳುತ್ತಾರೆ.

ನೋವಿನ ಔಷಧದ ವಿಷಯದಲ್ಲಿ ಅವರ ಕಟ್ಟುನಿಟ್ಟು ಇನ್ನೂ ಹೆಚ್ಚು. ಸತ್ತ ದನವನ್ನು ತಿನ್ನುವ ರಣಹದ್ದುಗಳ ಸಾವಿಗೆ ಕಾರಣವೆಂದು ತಿಳಿದು ಪಶುಗಳಿಗೆ ಡೈಕ್ಲೋಫೆನ್ಯಾಕ್ ಬಳಸುವುದನ್ನು 2006ರಲ್ಲಿ ನಿಷೇಧಿಸಿದ ಮೇಲೆ ಅದರ ಜಾಗಕ್ಕೆ ಬಂದ ಮೆಲಾಕ್ಸಿಕ್ಯಾಮ್ ಈಗ ಎಲ್ಲ ಪಶು ಔಷಧದ ಅಂಗಡಿಗಳಲ್ಲೂ ಇರುತ್ತದೆ. ಸಂಧಿವಾತದಿಂದ ಕುಂಟುವ ಬೆಕ್ಕಿಗೆ ವೈದ್ಯರು ಇದೇ ಔಷಧವನ್ನು ಹನಿ ಲೆಕ್ಕದಲ್ಲಿ ಬರೆದುಕೊಡುವುದುಂಟು. ಆದರೆ ಬೆಕ್ಕಿಗೆ ತಯಾರಿಸಿದ ದ್ರಾವಣದಲ್ಲಿ ಒಂದು ಮಿಲಿಲೀಟರಿಗೆ 0.5 ಮಿಲಿಗ್ರಾಂ ಇದ್ದರೆ ಜಾನುವಾರಿನ ಚುಚ್ಚುಮದ್ದಿನಲ್ಲಿ ಅದರ ಹತ್ತು ಪಟ್ಟು, ಇಲ್ಲವೇ ಇನ್ನೂ ಹೆಚ್ಚಿರುತ್ತದೆ. ಮೂತ್ರಪಿಂಡ ಸೋತಿರುವ ಬೆಕ್ಕಿಗೆ ಪ್ರಮಾಣ ತಪ್ಪಿದರೆ ಉಳಿಸಿಕೊಳ್ಳುವುದು ಕಷ್ಟ. ಆದ್ದರಿಂದ ಚೀಟಿಯಿಲ್ಲದೆ ಯಾರು ಕೇಳಿದರೂ ಇಲ್ಲಿ ಅದನ್ನು ಕೊಡುವುದಿಲ್ಲ. ಪರಿಚಯದವರೆಂಬ ರಿಯಾಯಿತಿ ಇಲ್ಲ. ಇದರಿಂದ ಬೇಸರಗೊಂಡು ಬೇರೆ ಅಂಗಡಿಗೆ ಹೋದವರಿದ್ದಾರೆ. ನನ್ನ ಮಟ್ಟಿಗೆ ಈ ಅಂಗಡಿಯ ಅತ್ಯಂತ ದೊಡ್ಡ ಗುಣ ಇದೇ.

ನಮ್ಮ ಮನೆಯ ಬೆಕ್ಕು ಕೆಂಚಿಗೆ ಈಗ 14 ವರ್ಷ ದಾಟಿದೆ. ಹೆಚ್ಚು ನೀರು ಕುಡಿಯುವುದು, ಹೆಚ್ಚು ಮೂತ್ರ ಮಾಡುವುದು, ತಿಂದರೂ ಸೊರಗುವುದು, ಈ ಮೂರೂ ಕಾಣಿಸಿಕೊಂಡಾಗ ಶಿವಮೊಗ್ಗದ ಪಶು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬೆತ್ತದ ಬುಟ್ಟಿಯಲ್ಲಿ ಒಯ್ದು ರಕ್ತ ಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡ ಸೋತಿರುವುದು ತಿಳಿಯಿತು. ಮುಪ್ಪಿನ ಬೆಕ್ಕುಗಳಲ್ಲಿ ಮೂತ್ರಪಿಂಡದ ಈ ತೊಂದರೆ ಬಹಳ ಸಾಮಾನ್ಯವೆಂದೂ, ಅದರ ಶಕ್ತಿಯ ಬಹುಪಾಲು ಕಳೆದ ಮೇಲೆಯೇ ಹೊರಗೆ ಲಕ್ಷಣ ಕಾಣುವುದೆಂದೂ ಅಲ್ಲಿಯ ವೈದ್ಯರು ತಾಳ್ಮೆಯಿಂದ ತಿಳಿಸಿ, ಮೈಯ ನೀರಿನಂಶ ಕಾಯುವ ರಿಂಗರ್ ಲ್ಯಾಕ್ಟೇಟ್ ದ್ರವವನ್ನು ಚರ್ಮದ ಅಡಿಗೆ ಹಾಕುವುದನ್ನು ಕೈಹಿಡಿದು ಕಲಿಸಿದರು. ಆದರೆ ಸುಮಾರು 60 ಕಿಲೋಮೀಟರ್ ದೂರದ ದಾರಿಯನ್ನು ಮತ್ತೆ ಮತ್ತೆ ಸವೆಸಲು ಮುದಿ ಬೆಕ್ಕಿನಿಂದ ಆಗುವುದಿಲ್ಲ, ಆ ಪ್ರಯಾಣದ ಭಯದಲ್ಲೇ ಅದು ಎರಡು ದಿನ ಊಟ ಬಿಡುತ್ತದೆ. ದಿನನಿತ್ಯದ ಆರೈಕೆ ಮನೆಯಲ್ಲಿಯೇ ನಡೆಯಬೇಕಾದಾಗ ಪೇಟೆಯ ಅಂಗಡಿಯೇ ಗತಿ. ಹಸುವಿಗೆ ಬಳಸುವ 16, 18 ಗೇಜಿನ ದಪ್ಪ ಸೂಜಿಗಳಷ್ಟೇ ಎಲ್ಲೆಡೆ ಇರುವಾಗ ಇವರು 21 ಗೇಜಿನ ತೆಳುವಾದ ಚಿಟ್ಟೆ ಸೂಜಿಯನ್ನು (ರೆಕ್ಕೆಯಂಥ ಹಿಡಿಯಿರುವ ಬಟರ್‌ಫ್ಲೈ ಸೂಜಿ) ನಮಗಾಗಿ ತರಿಸಲು ತೊಡಗಿದರು. ಈಗ ಅದಕ್ಕೆ ಬೇರೆ ಗಿರಾಕಿಗಳೂ ಇದ್ದಾರೆ. ದ್ರವದ ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟು, ಮೈಯ ಬಿಸಿಗೆ ತಂದು ಹಾಕಿದರೆ ಬೆಕ್ಕು ಕೊಸರಾಡುವುದಿಲ್ಲವೆಂಬುದನ್ನು ಹೇಳಿಕೊಟ್ಟವರು ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಅವಳ ಮನೆಯಲ್ಲೂ ಅಂಥದೇ ಒಂದು ಬೆಕ್ಕಿತ್ತಂತೆ.

ಲಸಿಕೆಯ ವ್ಯವಸ್ಥೆಯನ್ನೂ ಹೇಳದಿದ್ದರೆ ವಿಮರ್ಶೆ ಅಪೂರ್ಣವಾಗುತ್ತದೆ. ಊರಿಗೆ ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಒಡ್ಡಿಗೆ ಒಡ್ಡಿಯೇ ಖಾಲಿಯಾಗುತ್ತದೆ, ಮುದಿ ಕೋಳಿಯೆಂದು ಅದು ಬಿಡುವುದಿಲ್ಲ. ದೊಡ್ಡ ಕೋಳಿಗಳಿಗೆ ರೆಕ್ಕೆಯ ಅಡಿಯಲ್ಲಿ ಚುಚ್ಚುವ ಆರ್‌2ಬಿ ಲಸಿಕೆ ನೂರು ಕೋಳಿಗಾಗುವಷ್ಟು ಪುಡಿಯ ಸೀಸೆಯಲ್ಲಿ ಬರುತ್ತದೆ. ಒಮ್ಮೆ ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿ ಇರುವವರು ಒಂದು ಸೀಸೆ ಕೊಂಡರೆ ತೊಂಬತ್ತು ಕೋಳಿಯ ಲಸಿಕೆ ಚರಂಡಿಗೆ ಹೋಗುತ್ತದೆ, ಅದಕ್ಕೇ ಹೆಚ್ಚಿನವರು ಹಾಕಿಸುವುದೇ ಇಲ್ಲ. ಈ ಅಂಗಡಿಯವರು ಅಕ್ಕಪಕ್ಕದ ಹಳ್ಳಿಯವರ ಹೆಸರು ಬರೆದಿಟ್ಟುಕೊಂಡು, ನೂರರ ಹತ್ತಿರ ಕೋಳಿಯ ಲೆಕ್ಕ ಆದಾಗ ದಿನ ಗೊತ್ತು ಮಾಡಿ, ಹಳ್ಳಿಗೆ ಬರುವ ಪಶು ಇಲಾಖೆಯ ಸಿಬ್ಬಂದಿಗೆ ತಿಳಿಸುತ್ತಾರೆ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಲೇಬೇಕು. ಗಾಳಿ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ನಮ್ಮಲ್ಲಿ ಫ್ರಿಜ್ಜಿಗೆಂದೇ ಇನ್ವರ್ಟರ್ ಇಟ್ಟಿದ್ದಾರೆ, ಲಸಿಕೆಯನ್ನು ಥರ್ಮಾಸ್‌ನಲ್ಲಿ ಐಸ್ ಹಾಕಿಯೇ ಕೊಡುತ್ತಾರೆ. ಬರಿಗೈಯಲ್ಲಿ ಬಂದವರಿಗೆ ಕೊಡುವುದಿಲ್ಲ.

ಸಣ್ಣಪುಟ್ಟ ವಿಷಯಗಳಲ್ಲೂ ಸಲಹೆ ಒಳ್ಳೆಯದಿದೆ. ಕಾಲಿನ ಹುರುಪೆಯ ಅಡಿ ಸೂಕ್ಷ್ಮ ಕೀಟ ಸೇರಿ ಕಾಲು ಒರಟಾದ ಕೋಳಿಗೆ ಸುಟ್ಟ ಎಂಜಿನ್ ಎಣ್ಣೆ ಬಳಿಯುವ ರೂಢಿಯನ್ನು ಬಿಡಿಸಿ, ವ್ಯಾಸಲೀನ್ ದಪ್ಪಗೆ ಹಚ್ಚಿ ಕೀಟಕ್ಕೆ ಉಸಿರು ಕಟ್ಟಿಸುವುದನ್ನು ಕಲಿಸಿದ್ದಾರೆ. ಭಾರವಾದ ಮುದಿ ಹೇಂಟೆ ಎತ್ತರದಿಂದ ಹಾರಿ ಅಂಗಾಲು ಬಾತುಕೊಳ್ಳದಂತೆ ಕೂರುವ ಗಳುವನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿ, ಕೆಳಗೆ ಭತ್ತದ ಹೊಟ್ಟು ಹರಡಬೇಕೆಂಬುದೂ ಅವರದೇ ಮಾತು.

ಕೊರತೆಗಳಿಲ್ಲವೆಂದಲ್ಲ. ಮೂತ್ರಪಿಂಡದ ತೊಂದರೆಯಿರುವ ಬೆಕ್ಕಿಗೆ ಬೇಕಾದ, ರಂಜಕ ಕಡಿಮೆಯಿರುವ ಆಹಾರ ಅಂಗಡಿಯಲ್ಲಿ ಸಿದ್ಧವಾಗಿ ಇರುವುದಿಲ್ಲ. ಶಿವಮೊಗ್ಗದಿಂದ ತರಿಸಬೇಕು, ಬೆಲೆಯೂ ಮಧ್ಯಮ ವರ್ಗದ ಮನೆಗೆ ಹೊರೆಯೇ. ಸಾಮಾನ್ಯ ಬೆಕ್ಕಿನ ಆಹಾರದಲ್ಲಿ ಎರಡೇ ಬಗೆ ಸಿಗುತ್ತವೆ, ಹಲ್ಲು ಬಿದ್ದ ಬೆಕ್ಕು ತಿನ್ನಬಲ್ಲ ಮೆತ್ತನೆಯ ಆಹಾರ ಅವುಗಳಲ್ಲಿಲ್ಲ. ಸಂತೆಯ ದಿನ ಹಸುವಿನ ಗಿರಾಕಿಗಳ ನೂಕುನುಗ್ಗಲಿನಲ್ಲಿ ನಿಂತು ಬೆಕ್ಕಿನ ವಿಚಾರ ಮಾತಾಡಲು ಸಾಧ್ಯವಾಗುವುದಿಲ್ಲ, ಮಾಲೀಕರಿಗೂ ಅಂದು ಪುರುಸೊತ್ತಿರುವುದಿಲ್ಲ. ಬೆಳಕು ಕಡಿಮೆಯಿರುವ ಒಳಕೋಣೆಯಲ್ಲಿ ಔಷಧದ ಅವಧಿ ಮುಗಿಯುವ ದಿನಾಂಕವನ್ನು ಓದಲು ಮೊಬೈಲಿನ ಟಾರ್ಚ್ ಬೇಕಾಗುತ್ತದೆ, ಅಲ್ಲಿ ಒಂದು ದೀಪವನ್ನಾದರೂ ಹಾಕಿಸಬೇಕೆಂದು ಮಾಲೀಕರಲ್ಲಿ ಕೇಳಿಕೊಂಡಿದ್ದೇನೆ.

ಹೊಸದಾಗಿ ಹೋಗುವವರು ವೈದ್ಯರ ಚೀಟಿಯ ಜೊತೆಗೆ ಬೆಕ್ಕಿನ ತೂಕವನ್ನೂ ಬರೆದುಕೊಂಡು, ಸಂತೆಯಿಲ್ಲದ ದಿನ ಮಧ್ಯಾಹ್ನದ ನಂತರ ಹೋದರೆ ಎಲ್ಲವನ್ನೂ ಕೂತು ಮಾತಾಡಬಹುದು. ಬೆಕ್ಕಿನ ವಿಶೇಷ ಆಹಾರ ಬೇಕಾದವರು ಮುಗಿಯುವ ಎರಡು ವಾರ ಮೊದಲೇ ಹೇಳಿಡಬೇಕು. ಆಗುಂಬೆಯ ಕಡೆಯವರು ಕೋಳಿಗಳಿಗೆ ಬೇಕಾದಷ್ಟು ಆಹಾರವನ್ನು ಮಳೆ ಹಿಡಿಯುವ ಮುಂಚೆ ಒಟ್ಟಿಗೆ ಕೊಂಡಿಡದೆ, ಸ್ವಲ್ಪ ಸ್ವಲ್ಪವಾಗಿ ಕೊಂಡು ಮುಚ್ಚಳ ಬಿಗಿಯಾಗಿರುವ ಡಬ್ಬದಲ್ಲಿ ಇಟ್ಟುಕೊಳ್ಳುವುದು ಮೇಲು. ಲಸಿಕೆಯ ಪಟ್ಟಿಗೆ ಹೆಸರು ಸೇರಿಸಲು ಕೋಳಿಗಳ ಸಂಖ್ಯೆಯನ್ನು ಫೋನಿನಲ್ಲಿ ತಿಳಿಸಿದರೂ ಸಾಕು, ಆ ದಿನ ಥರ್ಮಾಸ್ ಮಾತ್ರ ನೀವೇ ಒಯ್ಯಬೇಕು.