ಫ್ಯಾಮಿಲಿಸರ್ಚ್: ಸರ್ಚ್ ಬಾಕ್ಸ್ ಬಿಟ್ಟು ಪುಟ ತಿರುವಿ ನೋಡಿ

ಹಿರಿಯರ ಹಳೆಯ ದಾಖಲೆಗಳನ್ನು ಹುಡುಕುವ ಫ್ಯಾಮಿಲಿಸರ್ಚ್ ಎಂಬ ಸೈಟನ್ನು ನಾನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಅಕೌಂಟ್ ಮಾಡುವುದು ಹೇಗೆ, ಹೆಸರು ಸೇರಿಸುವುದು ಹೇಗೆ ಎಂಬುದನ್ನೆಲ್ಲ ಬೇರೆಯವರು ಬರೆದಿದ್ದಾರೆ. ನಾನು ಅದಕ್ಕೆ ಹೋಗುವುದಿಲ್ಲ. ನನಗೆ ಹೇಳಬೇಕಾಗಿರುವುದು ಅಲ್ಲಿನ ಕ್ಯಾಟಲಾಗ್, ಅಂದರೆ ಯಾವ ಜಾಗದ ಯಾವ ರಿಜಿಸ್ಟರ್ ಅಲ್ಲಿದೆ ಎಂಬ ಪಟ್ಟಿಯ ಬಗ್ಗೆ. ಹೆಚ್ಚಿನವರು ಅದನ್ನು ತೆರೆದೇ ನೋಡುವುದಿಲ್ಲ. ಅಲ್ಲಿ ಹೋಗಿ ಹಳೆಯ ರಿಜಿಸ್ಟರ್‌ಗಳ ಪುಟ ತಿರುವುವ ತಾಳ್ಮೆ ಇದ್ದರೆ, ಮದುವೆಯಾಗಿ ತವರಿನ ಹೆಸರು ಕಳೆದುಕೊಂಡ ಹೆಂಗಸರೂ ಸಿಗುತ್ತಾರೆ.

ನಾನು ಹುಡುಕುತ್ತಿದ್ದುದು ನಮ್ಮ ಅತ್ತೆಯ ಕಡೆಯವರನ್ನು. ನಾನು ತುಮಕೂರಿನ ಕಡೆಯವಳು. ಮದುವೆಯಾಗಿ ಬಂದದ್ದು ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿಗೆ. ಅತ್ತೆಯ ಹಿರಿಯರು 19ನೇ ಶತಮಾನದಲ್ಲಿ ಜರ್ಮನಿಯಿಂದ ಬಂದು, ಈ ಊರಿನ ಓವರ್ ದಿ ರೈನ್ ಎಂಬ ಜರ್ಮನ್ ಕೇರಿಯಲ್ಲಿ ಬಿಡಾರ ಮಾಡಿದವರು. ಅತ್ತೆಗೆ ತಮ್ಮ ಅಜ್ಜಿಯ ಅಮ್ಮ ಯಾರ ಮಗಳು ಎಂದು ತಿಳಿಯಬೇಕಿತ್ತು. ಆಕೆಯ ಗಂಡನ ಮನೆ ಹೆಸರು ಎಲ್ಲರಿಗೂ ಗೊತ್ತು. ತವರು ಮನೆಯ ಹೆಸರು ಯಾರಿಗೂ ಗೊತ್ತಿಲ್ಲ. (ಹೆಸರುಗಳನ್ನು ಇಲ್ಲಿ ಹಾಕುತ್ತಿಲ್ಲ, ಅತ್ತೆಗೆ ಅದು ಇಷ್ಟವಿಲ್ಲ.)

ನಮ್ಮೂರ ಕಡೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಜಗಲಿಯಲ್ಲಿ ಕೂತು ಅಪ್ಪ, ಅಜ್ಜ, ಮುತ್ತಜ್ಜ ಅಂತ ವಂಶಾವಳಿ ಹೇಳಿ ದವಸ ಪಡೆದು ಹೋಗುತ್ತಿದ್ದರು. ನಮ್ಮ ಮನೆಯ ಪಟ್ಟಿಯಲ್ಲಿ ಹೊರಗಿನಿಂದ ಬಂದ ಸೊಸೆಯರು ಯಾರ ಮಕ್ಕಳು ಎಂಬುದು ಇರುತ್ತಿರಲಿಲ್ಲ. ಅಮೆರಿಕದ ಸೆನ್ಸಸ್‌ನಲ್ಲೂ ಹೆಂಗಸರ ಪಾಡು ಹೀಗೇ. ಮದುವೆಯಾದ ಮರುಗಳಿಗೆಯಿಂದ ಅವಳು ಗಂಡನ ಹೆಸರಿನವಳು. ಇನ್ನೂ ಹಿಂದಕ್ಕೆ ಹೋದರೆ ಅದೂ ಇಲ್ಲ. 1790ರಿಂದ 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ ಬರೆದು, ಉಳಿದವರನ್ನು ಬರೀ ಎಣಿಸಿದ್ದಾರೆ. ಮನೆಯಲ್ಲಿದ್ದ ಎಲ್ಲ ಸ್ವತಂತ್ರ ಜನರ ಹೆಸರೂ ಬಂದದ್ದು 1850ರಿಂದ. ಗುಲಾಮರಾಗಿದ್ದವರಿಗೆ 1850 ಮತ್ತು 1860ರಲ್ಲಿ ಬೇರೆಯದೇ ಪಟ್ಟಿ. ಅದರಲ್ಲಿ ಸಾಮಾನ್ಯವಾಗಿ ಹೆಸರೇ ಇಲ್ಲ, ವಯಸ್ಸು ಮತ್ತು ಲಿಂಗ ಅಷ್ಟೇ. ಬಿಡುಗಡೆಯಾದ ಮೇಲೆ ಅವರ ಹೆಸರು ಬಂದದ್ದು 1870ರ ಸೆನ್ಸಸ್‌ನಲ್ಲಿ. ಕಪ್ಪು ಜನರ ಕುಟುಂಬಗಳನ್ನು ಹುಡುಕುವವರಿಗೆ 1870 ಎಂಬುದು ಯಾಕೆ ಅಷ್ಟು ದೊಡ್ಡ ಗೋಡೆ ಎಂದು ಆ ಹಾಳೆಗಳನ್ನು ನೋಡಿದರೆ ಅರ್ಥವಾಗುತ್ತದೆ.

ಆದ್ದರಿಂದ ಸೆನ್ಸಸ್ ಒಂದನ್ನೇ ನಂಬಿ ಕೂತರೆ ಹೆಂಗಸರ ಕಡೆಯ ದಾರಿ ಅಲ್ಲಿಗೇ ನಿಲ್ಲುತ್ತದೆ. ದಾಟಿಸುವುದು ಕೌಂಟಿಯ ಮದುವೆ ರಿಜಿಸ್ಟರ್. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ತಾಲೂಕು, ಜಿಲ್ಲೆಗಳ ಹಾಗೆ ರಾಜ್ಯದೊಳಗಿನ ಆಡಳಿತದ ಭಾಗ. ಓಹಾಯೋದಲ್ಲೇ 88 ಕೌಂಟಿಗಳಿವೆ. ಹಳೆಯ ಕಾಲದಲ್ಲಿ ಮದುವೆಯ ಲೈಸೆನ್ಸ್ ಕೊಟ್ಟು ಬರೆದಿಡುತ್ತಿದ್ದುದು ರಾಜಧಾನಿಯ ಕಚೇರಿಯಲ್ಲ, ಕೌಂಟಿಯ ಕೋರ್ಟು. ಹುಡುಗಿ ತನ್ನ ಹುಟ್ಟು ಹೆಸರಿನಲ್ಲಿ ಕಾಣಿಸಿಕೊಳ್ಳುವ ಕೊನೆಯ ಸರ್ಕಾರಿ ಕಾಗದ ಎಷ್ಟೋ ಸಲ ಅದೇ.

ನಮ್ಮ ವಿಷಯದಲ್ಲಿ ಅಲ್ಲೇ ತೊಡಕು. ಸಿನ್ಸಿನಾಟಿ ಇರುವುದು ಹ್ಯಾಮಿಲ್ಟನ್ ಕೌಂಟಿಯಲ್ಲಿ. 1884ರ ಮಾರ್ಚ್‌ನಲ್ಲಿ ಒಂದು ಕೊಲೆ ಕೇಸಿನ ತೀರ್ಪಿಗೆ ಜನ ರೊಚ್ಚಿಗೆದ್ದು ಕೋರ್ಟಿಗೇ ಬೆಂಕಿ ಇಟ್ಟರು. ಅದರ ಜೊತೆ ಮದುವೆ ದಾಖಲೆಗಳೂ ಸುಟ್ಟುಹೋದವು. ಆಮೇಲೆ ಕೆಲವನ್ನು ಮತ್ತೆ ಬರೆಸಿದ್ದಾರೆ, ಎಲ್ಲವನ್ನೂ ಅಲ್ಲ. ಸೆನ್ಸಸ್‌ನ ಕಥೆಯೂ ಇದೇ. 1890ರ ಹಾಳೆಗಳು ವಾಷಿಂಗ್ಟನ್‌ನಲ್ಲಿ 1921ರ ಜನವರಿಯ ಬೆಂಕಿಗೆ ಸಿಕ್ಕಿ, ಉಳಿದವೂ ನಂತರ ನಾಶವಾದವು. ಇಡೀ ದೇಶದಲ್ಲಿ ಉಳಿದದ್ದು ಸುಮಾರು 6 ಸಾವಿರ ಹೆಸರು. ಅದರಲ್ಲಿ ಸಿನ್ಸಿನಾಟಿಯ ಒಂದು ಚೂರೂ ಇದೆ. ನಮ್ಮವರ ಮನೆ ಅದರಲ್ಲಿಲ್ಲ.

ಹಾಗಾಗಿ 1880ರಿಂದ ನೇರವಾಗಿ 1900ಕ್ಕೆ ಹಾರಬೇಕು. 1900ರ ಸೆನ್ಸಸ್ ನನಗೆ ಎಲ್ಲಕ್ಕಿಂತ ಇಷ್ಟ. ಹುಟ್ಟಿದ ತಿಂಗಳು, ವರ್ಷ, ಮದುವೆಯಾಗಿ ಎಷ್ಟು ವರ್ಷ, ವಲಸೆ ಬಂದ ವರ್ಷ, ಎಲ್ಲ ಕೇಳಿದ್ದಾರೆ. ಹೆಂಗಸರ ಸಾಲಿನಲ್ಲಿ ಇನ್ನೆರಡು ಅಂಕಿ ಇರುತ್ತವೆ. ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು. ಅತ್ತೆಯ ಮುತ್ತಜ್ಜಿಯ ಸಾಲಿನಲ್ಲಿ 9 ಮತ್ತು 5 ಎಂದಿತ್ತು. ಆ ನಾಲ್ಕು ಮಕ್ಕಳ ಸುದ್ದಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 1880ರ ಪಟ್ಟಿ ಆದ ಮೇಲೆ ಹುಟ್ಟಿ, 1900ಕ್ಕೆ ಮುಂಚೆ ಹೋದ ಮಗು ಯಾವ ಸೆನ್ಸಸ್‌ನಲ್ಲೂ ಇರುವುದಿಲ್ಲ, ಅಲ್ವಾ? ಅತ್ತೆ ಬಹಳ ಹೊತ್ತು ಆ ಸಾಲನ್ನೇ ನೋಡುತ್ತಾ ಕೂತರು. ಅದೇ ಸಾಲಿನಲ್ಲಿ ಮದುವೆಯಾಗಿ 23 ವರ್ಷ ಎಂದೂ ಇತ್ತು. ಅಂದರೆ ಮದುವೆ ಸುಮಾರು 1877ರದ್ದು. ಸುಟ್ಟ ಕೋರ್ಟಿನ ಕಾಲದ್ದು.

ಆಗ ದುಡ್ಡು ಕೊಟ್ಟು ಬಳಸುವ ಬೇರೊಂದು ದೊಡ್ಡ ಸೈಟಿನ ಚಂದಾ ನನ್ನ ಹತ್ತಿರ ಇತ್ತು. ಸರ್ಚ್ ಬಾಕ್ಸಿನಲ್ಲಿ ಹೆಸರು, ವರ್ಷ, ಊರು ಹಾಕಿದರೆ ಸಾಲುಸಾಲು ಸುಳಿವು ಕೊಡುತ್ತಿತ್ತು. ಒಂದೂ ನಮ್ಮವರಲ್ಲ. ಗಂಡನ ಹೆಸರು ಆ ಕಾಲದ ಸಿನ್ಸಿನಾಟಿಯಲ್ಲಿ ಬೀದಿಗೊಬ್ಬರಿಗೆ ಇದ್ದಂಥದ್ದು. ಮನೆ ಹೆಸರಂತೂ ಬರೆದವನ ಕಿವಿಗೆ ಕೇಳಿಸಿದ ಹಾಗೆ. ಶ್ಮಿಟ್ ಸ್ಮಿತ್ ಆಗುತ್ತಾನೆ, ಮ್ಯೂಲರ್ ಮಿಲ್ಲರ್ ಆಗುತ್ತಾನೆ, ಶ್ನೈಡರ್ ಸ್ನೈಡರ್ ಆಗುತ್ತಾನೆ. ಇದರ ಮೇಲೆ, ಇಂಡೆಕ್ಸ್, ಅಂದರೆ ಹುಡುಕಲು ಹೆಸರುಗಳ ಪಟ್ಟಿ, ಮಾಡಿದವರು ಹಳೆಯ ಕೈಬರಹವನ್ನು ಓದುವಾಗ ಎಲ್ ಅನ್ನು ಎಸ್ ಎನ್ನುತ್ತಾರೆ, ಟಿ ಅನ್ನು ಎಫ್ ಎನ್ನುತ್ತಾರೆ. ಮೊದಲ ಅಕ್ಷರವೇ ತಪ್ಪಿದರೆ ಮುಗಿಯಿತು. ಸೌಂಡೆಕ್ಸ್ ಎಂಬ ಹಳೆಯ ಪದ್ಧತಿ ಇದೆ, ಮೊದಲ ಅಕ್ಷರ ಇಟ್ಟುಕೊಂಡು ಉಳಿದದ್ದನ್ನು ಮೂರು ಅಂಕಿ ಮಾಡುವುದು. ಅದರಲ್ಲಿ ಶ್ಮಿಟ್ ಮತ್ತು ಸ್ಮಿತ್ ಇಬ್ಬರೂ ಎಸ್ 530. ಮೊದಲ ಅಕ್ಷರ ತಪ್ಪಿದ್ದರೆ ಅದೂ ಕೈಕೊಡುತ್ತದೆ. ನನಗೆ ಆದದ್ದು ಅದೇ. ವರ್ಷ ವರ್ಷ ಅಷ್ಟು ದುಡ್ಡು ಸುರಿದು ಬೇರೆಯವರ ಅಜ್ಜಿಯರನ್ನು ನೋಡುವುದು ಸಾಕೆನಿಸಿ ಚಂದಾ ನಿಲ್ಲಿಸಿದೆ. ಇಂಥ ಸೈಟುಗಳು ಬೇಕೇ ಬೇಕು ಎನ್ನುವವರು ಮೊದಲು ನಿಮ್ಮೂರಿನ ಪಬ್ಲಿಕ್ ಲೈಬ್ರರಿಯಲ್ಲಿ ಕೇಳಿ. ಎಷ್ಟೋ ಕಡೆ ಲೈಬ್ರರಿ ಕಂಪ್ಯೂಟರ್‌ನಲ್ಲಿ ಪುಕ್ಕಟೆ ನೋಡಬಹುದು.

ಫ್ಯಾಮಿಲಿಸರ್ಚ್ ಪೂರ್ತಿ ಉಚಿತ. ನಡೆಸುವುದು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರವಿರುವ ಮಾರ್ಮನ್ ಚರ್ಚ್. ತಮ್ಮ ಪೂರ್ವಜರಿಗಾಗಿ ಈಗಲೂ ಧಾರ್ಮಿಕ ವಿಧಿ ಮಾಡಬಹುದು ಎಂಬುದು ಅವರ ನಂಬಿಕೆ, ಈ ಕೆಲಸ ಹುಟ್ಟಿದ್ದು ಅದರಿಂದ. ಅದು ತಿಳಿದಿದ್ದು ಬಳಸುವುದು ಒಳ್ಳೆಯದು. 1938ರಿಂದ ಅವರು ಊರೂರು ತಿರುಗಿ ರಿಜಿಸ್ಟರ್‌ಗಳ ಪುಟಗಳನ್ನು ಮೈಕ್ರೋಫಿಲ್ಮ್ ರೋಲ್‌ಗಳಲ್ಲಿ ಪುಟ್ಟ ಚಿತ್ರಗಳಾಗಿ ತೆಗೆದರು. ಸುಮಾರು 24 ಲಕ್ಷ ರೋಲ್‌ಗಳನ್ನು ಡಿಜಿಟಲ್ ಮಾಡಿ ಮುಗಿಸಿದ್ದು 2021ರಲ್ಲಿ. ಇಷ್ಟೊಂದನ್ನು ಸುಮ್ನೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರಲ್ಲ, ಅದಕ್ಕೆ ನಾನು ಋಣಿ.

ಇನ್ನು ಕ್ಯಾಟಲಾಗ್. ಅಲ್ಲಿ ಜಾಗದ ಹೆಸರು ಹಾಕಬೇಕು. ದೇಶ, ರಾಜ್ಯ, ಕೌಂಟಿ. ಆ ಕೌಂಟಿಯ ಫಿಲ್ಮ್‌ಗಳ ಪಟ್ಟಿ ಬರುತ್ತದೆ. ಫಿಲ್ಮ್‌ನ ಸಾಲಿನಲ್ಲಿ ಕ್ಯಾಮೆರಾದ ಪುಟ್ಟ ಗುರುತು ಇದ್ದರೆ ಪುಟಗಳನ್ನು ನೋಡಬಹುದು. ರಾತ್ರಿ ಪಾತ್ರೆ ಎಲ್ಲ ತೊಳೆದಿಟ್ಟು, ಒಂದು ಲೋಟ ಕಾಫಿ ಹಿಡಿದು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತೇನೆ. ಮೊದಲು ಪುಟಗಳನ್ನು ಸಣ್ಣದಾಗಿಸಿ ಒಟ್ಟಿಗೆ ನೋಡುವುದು. ರಿಜಿಸ್ಟರ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದು ರಟ್ಟು ಕಂಡಾಗಲೇ ಗೊತ್ತಾಗುತ್ತದೆ. ಆಮೇಲೆ ನಡುವಿನ ಒಂದು ಪುಟ ತೆರೆದು ತಾರೀಖು ನೋಡುವುದು, ಮುಂದಿದ್ದರೆ ಹಿಂದೆ, ಹಿಂದಿದ್ದರೆ ಮುಂದೆ. ಮಸಿ ಮಾಸಿದ್ದರೆ ಬಣ್ಣ ತಿರುಗಿಸುವ ಬಟನ್ ಇದೆ. ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರವಾದ ಕೂಡಲೇ ಕಾಣದ ಗೆರೆಗಳೂ ಎದ್ದು ಕಾಣುತ್ತವೆ. ಹತ್ತಾರು ಪುಟ ಆಗುವಷ್ಟರಲ್ಲಿ ಗುಮಾಸ್ತನ ಕೈ ಕಣ್ಣಿಗೆ ಪಳಗುತ್ತದೆ. ಅವನ ಎಲ್ ಹೇಗೆ, ಎಸ್ ಹೇಗೆ ಎಂದು ತಿಳಿಯುತ್ತದೆ. ಜಾನ್ ಎಂಬುದನ್ನು ಮೂರೇ ಅಕ್ಷರದಲ್ಲಿ ಮುಗಿಸುತ್ತಾನೆ, ವಿಲಿಯಂ ಅನ್ನು ಎರಡರಲ್ಲಿ. ಈ ಪಳಗುವಿಕೆ ಯಾವ ಸರ್ಚ್ ಬಾಕ್ಸಿನಿಂದಲೂ ಬರುವುದಿಲ್ಲ.

ಹ್ಯಾಮಿಲ್ಟನ್ ಕೌಂಟಿಯಲ್ಲಿ ಏನೂ ಸಿಗಲಿಲ್ಲ. ಆಗ ನಕ್ಷೆ ತೆಗೆದು ನೋಡಿದೆ. ಸಿನ್ಸಿನಾಟಿಯ ಪಕ್ಕದಲ್ಲೇ ಓಹಾಯೋ ನದಿ. ನದಿಯಾಚೆ ಕೆಂಟಕಿ ರಾಜ್ಯದ ಕೋವಿಂಗ್ಟನ್ ಊರು, ಕೆಂಟನ್ ಕೌಂಟಿ. ಇವೆರಡನ್ನೂ ಸೇರಿಸುವ ತೂಗು ಸೇತುವೆ ಜನರಿಗೆ ತೆರೆದದ್ದು 1866ರ ಕೊನೆಗೆ. ಜೋಡಿಗಳು ಸೇತುವೆ ದಾಟಿ ಹೋಗಿ ಮದುವೆಯಾಗಿ ಸಂಜೆಗೆ ಮನೆಗೆ ಬರಬಹುದಿತ್ತು. ದಾಖಲೆ ಮಾತ್ರ ಬೇರೆ ರಾಜ್ಯದ ಪಾಲು. ಊರು ಸಿನ್ಸಿನಾಟಿ ಎಂದು ಹಾಕಿ ಹುಡುಕಿದರೆ ಅದು ಹೇಗೆ ಮೇಲೆ ಬರಬೇಕು?

ಕೆಂಟಕಿಯಲ್ಲಿ ಆಗ ಮದುವೆಗೆ ಮುಂಚೆ ವರ ಒಂದು ಮುಚ್ಚಳಿಕೆ ಬರೆದುಕೊಡಬೇಕಿತ್ತು. ಈ ಮದುವೆಗೆ ಕಾನೂನಿನ ಅಡ್ಡಿ ಇಲ್ಲ, ಇದ್ದರೆ ಇಷ್ಟು ಡಾಲರ್ ತೆರುತ್ತೇನೆ ಎಂದು. ವರನ ಜೊತೆ ಇನ್ನೊಬ್ಬ ಜಾಮೀನು ನಿಲ್ಲಬೇಕು, ಎಷ್ಟೋ ಸಲ ಹುಡುಗಿಯ ಅಪ್ಪನೋ ಅಣ್ಣನೋ. ಕೆಂಟನ್ ಕೌಂಟಿಯ 1877ರ ಪುಟಗಳಲ್ಲಿ ನಮ್ಮವರ ಮುಚ್ಚಳಿಕೆ ಸಿಕ್ಕಿತು. ವರನ ಹೆಸರು, ವಧುವಿನ ಹೆಸರು ಮತ್ತು ಅವಳ ತವರು ಮನೆ ಹೆಸರು, ಅವಳು ಹುಟ್ಟಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ ಎಂಬ ಮಾತು. ಕೆಳಗೆ ಜಾಮೀನು ನಿಂತವನ ಸಹಿ, ಜರ್ಮನ್ ಶೈಲಿಯ ಚೂಪು ಅಕ್ಷರಗಳಲ್ಲಿ. ಅದೇ ಮನೆ ಹೆಸರು.

ಆ ಸಹಿಯ ಹೆಸರನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. 1880ರ ಸೆನ್ಸಸ್ ಹಾಳೆ ಮತ್ತೆ ತೆಗೆದೆ. ಯಜಮಾನನಿಗೂ ಮನೆಯಲ್ಲಿರುವವರಿಗೂ ಏನು ಸಂಬಂಧ ಎಂದು ಮೊದಲ ಬಾರಿಗೆ ಬರೆದದ್ದು 1880ರಲ್ಲೇ. ಗಂಡ, ಹೆಂಡತಿ, ಒಂದು ಕೂಸು. ನಾಲ್ಕನೇ ಸಾಲಿನಲ್ಲಿ ಪೀಪಾಯಿ ಮಾಡುವ ಕೆಲಸದ ಒಬ್ಬ ಯುವಕ, ಸಂಬಂಧದ ಜಾಗದಲ್ಲಿ 'ಬೋರ್ಡರ್', ಅಂದರೆ ದುಡ್ಡು ಕೊಟ್ಟು ಉಣ್ಣುವ ಬಾಡಿಗೆಯವನು. ಜಾಮೀನಿಗೆ ನಿಂತವನೇ ಅವನು. ಹೆಂಡತಿಯ ಅಣ್ಣ! ಬರೆದುಕೊಳ್ಳಲು ಬಂದವನಿಗೆ ಅವನು ಬಾಡಿಗೆಯವನಾಗಿ ಕಂಡಿದ್ದಾನೆ, ಅಷ್ಟೇ. ಆ ಅಣ್ಣನ ಹೆಸರು ಹಿಡಿದು 1870ಕ್ಕೆ ಹೋದಾಗ ಅಪ್ಪ, ಅಮ್ಮ, ಅಣ್ಣ, ತಂಗಿ ನಾಲ್ವರೂ ಒಂದೇ ಮನೆಯಲ್ಲಿದ್ದರು. ನಾನು ಅತ್ತೆಗೆ ಫೋನ್ ಮಾಡಿದಾಗ ರಾತ್ರಿ ಬಹಳ ಹೊತ್ತಾಗಿತ್ತು. ಅವರು ಅಣ್ಣನ ಹೆಸರನ್ನು ಎರಡು ಸಲ ಹೇಳಿಸಿಕೊಂಡರು.

ಇಂಡೆಕ್ಸ್ ಮಾಡುವವರು ಹೆಚ್ಚಾಗಿ ವಧೂವರರ ಹೆಸರನ್ನಷ್ಟೇ ಎತ್ತಿಕೊಳ್ಳುತ್ತಾರೆ. ಜಾಮೀನುದಾರ, ಸಾಕ್ಷಿ, ಮದುವೆ ಮಾಡಿಸಿದ ಪಾದ್ರಿ ಪುಟದಲ್ಲೇ ಉಳಿಯುತ್ತಾರೆ. ಪಾದ್ರಿಯ ಹೆಸರು ಸಿಕ್ಕರೆ ಯಾವ ಚರ್ಚ್ ಎಂದು ಗೊತ್ತಾಗುತ್ತದೆ, ಅಲ್ಲಿಂದ ಇನ್ನೊಂದು ರಿಜಿಸ್ಟರ್. 2024ರಲ್ಲಿ ಫ್ಯಾಮಿಲಿಸರ್ಚ್ ತಂದ ಫುಲ್ ಟೆಕ್ಸ್ಟ್ ಸರ್ಚ್ ಈ ಕೊರತೆಯನ್ನು ಸುಮಾರಾಗಿ ತುಂಬಿದೆ. ಕಂಪ್ಯೂಟರೇ ಕೈಬರಹವನ್ನು ಓದಿ ಪುಟದಲ್ಲಿರುವ ಪ್ರತಿ ಪದವನ್ನೂ ಹುಡುಕಲು ಕೊಡುತ್ತದೆ. ಆದರೆ ಎಲ್ಲ ರಿಜಿಸ್ಟರ್‌ಗಳೂ ಅದರಲ್ಲಿ ಇಲ್ಲ.

ಮೆಚ್ಚದ ಎರಡು ಸಂಗತಿಗಳನ್ನೂ ಹೇಳಿಬಿಡುತ್ತೇನೆ. ಕ್ಯಾಮೆರಾ ಗುರುತಿನ ಮೇಲೆ ಬೀಗದ ಕೈಯ ಚಿತ್ರ ಇದ್ದರೆ ಆ ಪುಟ ಮನೆಯಲ್ಲಿ ತೆರೆಯುವುದಿಲ್ಲ. ಮೂಲ ರಿಜಿಸ್ಟರ್ ಇಟ್ಟುಕೊಂಡವರ ಜೊತೆಗಿನ ಒಪ್ಪಂದ ಅದಕ್ಕೆ ಕಾರಣ. ಫ್ಯಾಮಿಲಿಸರ್ಚ್‌ನ ಕೇಂದ್ರಕ್ಕೋ ಅದರ ಜೊತೆ ಸೇರಿದ ಲೈಬ್ರರಿಗೋ ಹೋಗಬೇಕು. ಸಣ್ಣ ಊರಿನಲ್ಲಿರುವವರಿಗೆ, ವಯಸ್ಸಾದವರಿಗೆ ಇದು ಕಷ್ಟ. ಇನ್ನೊಂದು, ಅಲ್ಲಿನ ವಂಶವೃಕ್ಷ. ಇಡೀ ಲೋಕಕ್ಕೆ ಒಂದೇ ಮರ, ತೀರಿಕೊಂಡವರ ವಿವರವನ್ನು ಯಾರು ಬೇಕಾದರೂ ತಿದ್ದಬಹುದು. ಮುಚ್ಚಳಿಕೆ ನೋಡದೆ, ಹಾಳೆ ನೋಡದೆ ಹೆಸರಿಗೆ ಹೆಸರು ಗಂಟು ಹಾಕುವವರಿಗೂ ಅಲ್ಲಿ ಅಷ್ಟೇ ಹಕ್ಕು. ನಾನು ಅದನ್ನು ಮುಟ್ಟುವುದಿಲ್ಲ. ಪುಟದ ಚಿತ್ರ ಇಳಿಸಿಕೊಂಡು, ಫಿಲ್ಮ್ ನಂಬರ್ ಮತ್ತು ಪುಟ ಸಂಖ್ಯೆ ಬರೆದು, ನನ್ನ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತೇನೆ.

ಆ ನಾಲ್ಕು ಮಕ್ಕಳಿಗಾಗಿ ಸಿನ್ಸಿನಾಟಿ ವಿಶ್ವವಿದ್ಯಾಲಯದ ಲೈಬ್ರರಿಯ ಸೈಟಿಗೆ ಹೋದೆ. 1865ರಿಂದ 1912ರವರೆಗಿನ ಊರಿನ ಜನನ ಮರಣದ ಕಾರ್ಡುಗಳನ್ನು ಅವರು ಅಲ್ಲಿ ಹಾಕಿದ್ದಾರೆ. ಅದೂ ಉಚಿತ. ಇಬ್ಬರು ಸಿಕ್ಕಿದ್ದಾರೆ, ಇನ್ನಿಬ್ಬರು ಬಾಕಿ.

ಊರಿನಲ್ಲಿರುವವರು ನಮ್ಮ ಜನಗಣತಿಯಲ್ಲೂ ಹೀಗೆ ನೋಡಬಹುದಾ ಎಂದು ಕೇಳುತ್ತಾರೆ. ಆಗುವುದಿಲ್ಲ. 1948ರ ಕಾಯ್ದೆಯ ಪ್ರಕಾರ ಮನೆಮನೆಯ ವಿವರ ಗುಟ್ಟಾಗಿಯೇ ಇರುತ್ತದೆ. ಅಮೆರಿಕದಲ್ಲಿ 72 ವರ್ಷ ಕಾದು ಬಿಡುಗಡೆ ಮಾಡುತ್ತಾರೆ. 1950ರದ್ದು 2022ರಲ್ಲಿ ಬಂತು, 1960ರದ್ದು 2032ರಲ್ಲಿ ಬರಬೇಕು.

ಸಿನ್ಸಿನಾಟಿಯ ಜರ್ಮನ್ ಮನೆತನಗಳನ್ನು ಹುಡುಕುವವರಿಗೆ ಕೊನೆಯದಾಗಿ ಒಂದು ಮಾತು. ಕೆಂಟನ್ ಕೌಂಟಿಗೆ ಕೋವಿಂಗ್ಟನ್ ಮತ್ತು ಇಂಡಿಪೆಂಡೆನ್ಸ್ ಎಂದು ಎರಡು ಕೋರ್ಟುಗಳಿವೆ. ಪಕ್ಕದ ಕ್ಯಾಂಪ್‌ಬೆಲ್ ಕೌಂಟಿಗೂ ನ್ಯೂಪೋರ್ಟ್ ಮತ್ತು ಅಲೆಕ್ಸಾಂಡ್ರಿಯಾ ಎಂದು ಎರಡು. ಒಂದರ ಫಿಲ್ಮ್ ನೋಡಿ ಇಲ್ಲ ಎಂದು ಬಿಡಬೇಡಿ, ನಾಲ್ಕನ್ನೂ ನೋಡಿ.