ಬಾಣಂತಿಯ ಮನಸ್ಸಿಗೆ ಯಾರು ಆಸರೆ? ತವರು, ಫೋನು, ಡಾಕ್ಟರು

ಹೆರಿಗೆಯಾದ ಮೊದಲ ಎರಡು ವಾರ ಸುಮ್ನೆ ಅಳು ಬರುವುದು ತುಂಬಾ ಜನರಿಗೆ ಇದ್ದದ್ದೇ. ಸಾಮಾನ್ಯವಾಗಿ ಅದು ತಾನಾಗಿಯೇ ಇಳಿಯುತ್ತದೆ. ನನಗೆ ಇಳಿಯಲಿಲ್ಲ. ಹಾಗಾಗಿ ಉಡುಪಿ, ಮಂಗಳೂರಿನ ಕಡೆ ನಮಗೆ ಸಿಗುವ ಆಸರೆಗಳನ್ನೆಲ್ಲ ನೋಡಿದ್ದಾಯಿತು.

ಮೊದಲು ತವರು. ನಮ್ಮದು ಕಾಪುವಿನ ಹತ್ತಿರ. ಮೈತುಂಬ ಎಣ್ಣೆ ತಿಕ್ಕಿ ಹಂಡೆಯ ಬಿಸಿನೀರು ಹುಯ್ಯುತ್ತಾರೆ. ಮೆಂತ್ಯೆ ಗಂಜಿ, ಬೆಳ್ಳುಳ್ಳಿ ಸಾರು ಹೊತ್ತುಹೊತ್ತಿಗೆ ಬರುತ್ತದೆ. ಎಲ್ಲಕ್ಕಿಂತ ಜಾಸ್ತಿ, ರಾತ್ರಿ ಹಾಲು ಕುಡಿದಾದ ಮೇಲೆ ಅಮ್ಮ ಮಗುವನ್ನು ಎತ್ತಿಕೊಂಡು ಜಗಲಿಗೆ ಹೋದರೆ ನನಗೆ ನಿದ್ದೆ. ಆ ನಿದ್ದೆಯನ್ನು ಬೇರೆ ಯಾರೂ ಕೊಡಲಿಲ್ಲ. ನಿದ್ದೆ ಕೆಟ್ಟಷ್ಟೂ ಮನಸ್ಸು ಕುಸಿಯುತ್ತದೆ, ಇದು ಅನುಭವಿಸಿದವರಿಗೇ ಗೊತ್ತು.

ಆದರೆ ಅಲ್ಲಿ ಮೈಗಿರುವಷ್ಟು ಮದ್ದು ಮನಸ್ಸಿಗಿಲ್ಲ. ನೋಡಲು ಬಂದವರೆಲ್ಲ ತುಳುವಿನಲ್ಲಿ ‘ಬಾಲೆ ಎಂಚ ಉಂಡು?’ (ಮಗು ಹೇಗಿದೆ?) ಅನ್ನುತ್ತಾರೆ. ಹಾಲು ಸಾಕಾಗುತ್ತದಾ, ತೂಕ ಎಷ್ಟು ಅನ್ನುತ್ತಾರೆ. ‘ಈ ಎಂಚ ಉಲ್ಲ?’ (ನೀನು ಹೇಗಿದ್ದೀಯ?) ಅಂತ ನನ್ನನ್ನು ಕೇಳಿದವರು ಕಡಿಮೆ. ಕಣ್ಣೀರು ಕಂಡರೆ ‘ಬಾಣಂತಿ ಅಳಬಾರದು’ ಅಂತ ಬಾಯಿ ಮುಚ್ಚಿಸುತ್ತಾರೆ. ಗಂಡ ಮಂಗಳೂರಿನಲ್ಲಿ, ವಾರದ ಕೊನೆಗೆ ನೆಂಟರ ಹಾಗೆ ಬಂದು ಹೋಗುವುದು. ಅವರಿಗೂ ಮಗು ಹುಟ್ಟಿದೆ ಅಲ್ವಾ?

ಮಂಗಳೂರಿನ ಫ್ಲ್ಯಾಟಿಗೆ ಬಂದ ಮೇಲೆ ಮಗುವಿಗೆ ಸ್ನಾನ ಮಾಡಿಸಲು ಸಂಬಳಕ್ಕೆ ಒಬ್ಬರು ಬರುತ್ತಿದ್ದರು. ನೆಂಟರಲ್ಲದ ಕಾರಣಕ್ಕೇ ಅವರೆದುರು ಮನಸ್ಸು ಬಿಚ್ಚುವುದು ಸುಲಭವಾಯಿತು. ಆದರೆ ಅವರು ಬರುವುದು ಬೆಳಿಗ್ಗೆ, ನನ್ನ ಕಷ್ಟ ಶುರುವಾಗುವುದು ರಾತ್ರಿ.

ಆಶಾ ಕಾರ್ಯಕರ್ತೆಯ ಭೇಟಿಯೂ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3ನೇ ದಿನದಿಂದ 42ನೇ ದಿನದೊಳಗೆ 6 ಸಲ ಮನೆಗೆ ಬರಬೇಕೆಂಬ ಲೆಕ್ಕ. ಮಗುವಿನ ತೂಕ, ಜ್ವರ ನೋಡಲು ಒಳ್ಳೆಯದೇ. ಮನೆಯವರೆಲ್ಲ ಸುತ್ತ ಕೂತಿರುವಾಗ ಮನಸ್ಸಿನ ಮಾತು ಹೇಗೆ ಹೇಳುವುದು?

ಆ ಮಾತಿಗೆ ಜಾಗ ಸಿಕ್ಕಿದ್ದು ಫೋನಿನಲ್ಲಿ. ಟೆಲಿ ಮಾನಸ್, ನಂಬರು 14416. 2022ರ ಅಕ್ಟೋಬರಿನಲ್ಲಿ ಶುರುವಾದ, ಮನಸ್ಸಿನ ಕಷ್ಟ ಕೇಳುವ ಸರ್ಕಾರಿ ಸೇವೆ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಡುರಾತ್ರಿ ಬಾಲ್ಕನಿಯಲ್ಲಿ ಕೂತು ಮಾಡಿದೆ. ಊಟ ಮಾಡಿದಿರಾ, ಎಷ್ಟು ಹೊತ್ತು ಮಲಗಿದಿರಿ ಅಂತ ನನ್ನ ಬಗ್ಗೆಯೇ ಕೇಳಿದರು. ಆಮೇಲೆ ನನ್ನ ಗಂಡನೂ ಮಾಡಿದರು. ಮಗು ಬಂದ ಮೇಲೆ ಅಪ್ಪಂದಿರೂ ಖಿನ್ನತೆಗೆ ಬೀಳುತ್ತಾರೆ, ಅವರನ್ನು ಯಾರೂ ಕೇಳುವುದೇ ಇಲ್ಲ. ಆ ರಾತ್ರಿ ದಾಟಲು ಫೋನು ಸಾಕು. ಆದರೆ ಫೋನಿನಲ್ಲಿ ರಕ್ತ ಪರೀಕ್ಷೆ ಆಗುವುದಿಲ್ಲ.

ಅದಕ್ಕೆ ಮನೋವೈದ್ಯರೇ ಬೇಕು. ಮನೆಯಲ್ಲಿ ಈ ಹೆಸರೆತ್ತಿದರೆ ಗಾಬರಿ ಬಿದ್ದರು, ‘ಹಾಲು ಕುಡಿಸುವವಳಿಗೆ ಮಾತ್ರೆಯಾ?’ ಅಂದರು. ಡಾಕ್ಟರು ಮೊದಲು ಕೊಟ್ಟದ್ದು ಮಾತ್ರೆಯಲ್ಲ, 10 ಪ್ರಶ್ನೆಗಳ ಒಂದು ಹಾಳೆ. ಕಳೆದ 7 ದಿನ ಹೇಗಿದ್ದೆ ಅಂತ ಗುರುತು ಹಾಕಬೇಕು. ಎಡಿನ್‌ಬರೋ ಮಾಪನ ಅಂತಾರೆ, ಬಾಣಂತಿಯರ ಖಿನ್ನತೆ ಗುರುತಿಸಲು 1987ರಿಂದ ಇದೆ. ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದರು. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ ಸುಸ್ತು, ಬೇಸರ ಹೀಗೇ ಇರುತ್ತದಂತೆ. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ. ಯಾವುದು ಅನ್ನುವುದು ಡಾಕ್ಟರೇ ಹೇಳಬೇಕು, ವಾಟ್ಸ್ಯಾಪ್ ಗುಂಪಲ್ಲ. ಖರ್ಚಿನ ಚಿಂತೆ ಇದ್ದರೆ ಮಂಗಳೂರಿನ ವೆನ್‌ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗಳಿವೆ.

ನನ್ನ ಮಟ್ಟಿಗೆ ನಿದ್ದೆಗೆ ತವರು, ರಾತ್ರಿಗೆ 14416, ಎರಡು ವಾರ ದಾಟಿಯೂ ಬೇಸರ ಇಳಿಯದಿದ್ದರೆ ನೇರ ಡಾಕ್ಟರು.

ಒಂದು ಸ್ಥಿತಿಯಲ್ಲಿ ಮಾತ್ರ ಈ ಆಯ್ಕೆಗಳೇ ಇಲ್ಲ. ಬಾಣಂತಿಗೆ ಇಲ್ಲದ ದನಿ ಕೇಳಿಸಿದರೆ, ಮನೆಯವರ ಮೇಲೆ ವಿಪರೀತ ಸಂಶಯ ಬಂದರೆ, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿಯವರೆಗೆ ಅವಳನ್ನಾಗಲಿ ಮಗುವನ್ನಾಗಲಿ ಒಂಟಿ ಬಿಡಬೇಡಿ. ಮಗು ದೂರವಾದೀತು ಅಂತ ಹೆದರಿ ತಡ ಮಾಡುವವರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡು 2009ರಿಂದಲೇ ಇದೆ.